ಬಾಯಿ ತೆರೆಯುವ ಸರದಿ

“ಎಲ್ಲರೂ ಕೈಯೆತ್ತಿದ ಮೇಲೂ ಆಗಲ್ಲ ಅಂದ್ರೆ, ಇದನ್ನ ಪ್ರಜಾಪ್ರಭುತ್ವ ಅಂತ ಯಾವ ಬಾಯಲ್ಲಿ ಹೇಳೋದು?”

ಕತ್ತರಿ ಮಾವ ಈ ಪ್ರಶ್ನೆ ಕೇಳಿದ್ದು ಮೇಜಿನ ಮೇಲೆ ಹರವಿದ್ದ ನೀಲಿ ಬಟ್ಟೆಯನ್ನು. ಬಟ್ಟೆ ಸುಮ್ಮನಿತ್ತು. ಕಿಟಕಿಯ ಬಳಿ ಹೊಲಿಯುತ್ತಿದ್ದ ನನ್ನ ಅಕ್ಕನ ಮಿಷನ್ ಮಾತ್ರ ಒಮ್ಮೆಲೇ ಜೋರಾಗಿ ಓಡಿತು. ನಮ್ಮ ಹೊಲಿಗೆಮನೆಯ ಅಧ್ಯಕ್ಷೆ ಅವಳೇ.

ಹೊಲಿಗೆಮನೆಗೆ ಮಾಲೀಕರಿಲ್ಲ. ಹಿಂದೆ ಇದ್ದವನು ಬಾಗಿಲು ಹಾಕಿಕೊಂಡು ಹೋದಾಗ ದುಡಿಯುವವರೇ ಸೇರಿ ಅದನ್ನು ಮತ್ತೆ ತೆರೆದರು. ಶಾಲೆಗಳಿಗೂ ಆಸ್ಪತ್ರೆಗಳಿಗೂ ಸಮವಸ್ತ್ರ ಹೊಲಿಯುತ್ತೇವೆ. ಅಮ್ಮನ ತಮ್ಮನಾದ ಕತ್ತರಿ ಮಾವ ಬಟ್ಟೆ ಕತ್ತರಿಸುತ್ತಾರೆ, ನಾನು ಗುಂಡಿ ಹಾಕುತ್ತೇನೆ. ಊಟವಾದ ಮೇಲೆ ಒಬ್ಬರು ಎತ್ತರದ ಸ್ಟೂಲಿನ ಮೇಲೆ ಕೂತು ಉಳಿದವರಿಗೆ ಏನಾದರೂ ಓದುವುದು ಇಲ್ಲಿಯ ರೂಢಿ. ದಿನಕ್ಕೊಬ್ಬರ ಸರದಿ. ಓದುವವರ ಪಾಲಿನ ಕೆಲಸವನ್ನು ಅಕ್ಕಪಕ್ಕದವರು ಮಾಡಿಕೊಡಬೇಕು. ಮಾವ ಆಟದ ಸುದ್ದಿ ಓದುತ್ತಾರೆ, ಅಕ್ಕ ಕತೆ ಓದುತ್ತಾಳೆ, ನಾನು ಅಪ್ಪ ಕಲಿಸಿದ ದೇವರ ಪದ್ಯ ಹೇಳುತ್ತೇನೆ.

ಇಸ್ತ್ರಿಯಣ್ಣ ಮಾತ್ರ ಪೇಪರು ಪುಸ್ತಕ ಮುಟ್ಟುವುದಿಲ್ಲ. ನಮ್ಮ ಮೇಲೆಯೇ ಪದ್ಯ ಕಟ್ಟಿಕೊಂಡು ಬರುತ್ತಾನೆ. ಒಮ್ಮೆ ಸ್ಟೂಲು ಹತ್ತಿದವನೇ ಗಂಟಲು ಸರಿಮಾಡಿಕೊಂಡು,

ಮಾವ ಕತ್ತರಿಯಾಡಿಸಿದ್ದೇ ಅಂಗಿ ಅಳತೆಯೆ ತಪ್ಪಿತು;
ಯಾವ ಮನುಜಗು ಆಗಲಿಲ್ಲವು, ಒಂಟೆಯೊಂದಕೆ ಒಪ್ಪಿತು!

ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾವನನ್ನು ಬಿಟ್ಟು. ಮುಂದಿನ ಸರದಿಗಳಲ್ಲಿ ಕಾಲರ್ ಹೊಲಿಯುವ ಚಿಕ್ಕಮ್ಮನ ಗೊರಕೆ ಬಂತು. ಕೆಂಡ ಮುಗಿದಾಗ ಇಸ್ತ್ರಿಪೆಟ್ಟಿಗೆಯನ್ನು ಅಧ್ಯಕ್ಷೆಯ ಸಿಟ್ಟಿನ ಮುಖದ ಮುಂದೆ ಹಿಡಿದರೆ ಸಾಕು ಅಂತ ಅಕ್ಕನ ಮೇಲೂ ಬಂತು. ಒಬ್ಬರ ಮೇಲೆ ಬಂದಾಗ ಉಳಿದವರು ನಗುತ್ತಿದ್ದರು. ಕೊನೆಗೆ ನಗಲು ಯಾರೂ ಉಳಿಯಲಿಲ್ಲ.

ನಿನ್ನೆಯ ಸಭೆಯಲ್ಲಿ ಮಾವ, “ಇವನ ಕೈಲಿ ಬೈಸ್ಕೊಳ್ಳೋದಕ್ಕೆ ಇವನ ಇಸ್ತ್ರೀನೂ ನಾವೇ ಹೊಡೀಬೇಕಾ?” ಎಂದು ಅವನ ಸರದಿಯನ್ನೇ ಕಿತ್ತುಹಾಕಲು ಕೈಯೆತ್ತಿಸಿದ್ದರು. ಅಕ್ಕ, ನಾನು, ಇಸ್ತ್ರಿಯಣ್ಣ ಬಿಟ್ಟು ಎಲ್ಲ ಕೈಗಳೂ ಮೇಲೆ ಹೋದವು. ಅವನ ಇಸ್ತ್ರಿ ಮೇಜು ಗೋಡೆಗೆ ಮುಖ ಮಾಡಿದೆ. “ಸರದಿ ಬರೋ ಅದೊಂದು ದಿನ ತಾನೇ ನಾನು ನಿಮ್ಮ ಮುಖ ನೋಡೋದು,” ಎಂದ ಅವನು, ಮೆಲ್ಲಗೆ. ಆ ಮಾತಿನಲ್ಲಿ ಪ್ರಾಸವಿರಲಿಲ್ಲ. “ಕಟ್ಟಳೆ ಒಪ್ಪಲ್ಲ,” ಎಂದು ಅಕ್ಕ ಸಭೆ ಮುಗಿಸಿಬಿಟ್ಟಿದ್ದಳು.

ಕಟ್ಟಳೆ ಎಂದರೆ ಹೊಲಿಗೆಮನೆ ಮತ್ತೆ ತೆರೆದಾಗ ಎಲ್ಲರೂ ಕೂತು ಒಪ್ಪಿಕೊಂಡ ನಿಯಮಗಳು. ಆಗ ಅನೇಕರಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ನಮ್ಮಪ್ಪ ಅದನ್ನು ಪದ್ಯವಾಗಿ ಕಟ್ಟಿದರು. ಮಿಷನ್ ತುಳಿಯುತ್ತ ತುಳಿಯುತ್ತ ಎಲ್ಲರಿಗೂ ಬಾಯಿಪಾಠವಾಯಿತು. ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಅದರ ಅರ್ಥದ ಕಡೆ ಕಿವಿ ಹೋಗಿ ಬಹಳ ಕಾಲವಾಗಿತ್ತು.

ಅಕ್ಕ ಈಗ ಮಿಷನ್ ನಿಲ್ಲಿಸಿದಳು. “ಬಟ್ಟೇನ ಯಾಕೆ ಕೇಳ್ತೀರಾ ಮಾವ, ನನ್ನನ್ನೇ ಕೇಳಿ.”

“ಕೇಳ್ತೀನಮ್ಮ ಅಧ್ಯಕ್ಷೆ. ಜನ ದೊಡ್ಡೋರೋ, ನಿಮ್ಮಪ್ಪನ ಪದ್ಯ ದೊಡ್ಡದೋ?”

“ಪದ್ಯ ಒಪ್ಪಿದ್ದೂ ಜನಾನೇ.”

“ಅದು ಆವತ್ತಿನ ಜನ.”

“ಆವತ್ತೂ ನೀವೇ ಇದ್ರಿ. ಆದ್ರೆ ಆವತ್ತು ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟು ಬಂದಾಗ ನಮ್ಮನ್ನ ನಾವೇ ಹಿಡ್ಕೊಳ್ಳೋಕೆ ಅಂತ ತಾನೇ ಕಟ್ಟಳೆ ಮಾಡ್ಕೊಂಡಿದ್ದು?”

“ಹಂಗಾದ್ರೆ ಕಟ್ಟಳೆ ಆಳೋ ಗಣರಾಜ್ಯ ಅಂತ ಬೋರ್ಡ್ ಹಾಕ್ಕೋ. ಪ್ರಜಾಪ್ರಭುತ್ವ ಅನ್ನಬೇಡ.”

“ಎರಡೂ ಅಂತೀನಿ. ಅಂಗಿಗೆ ಬಟ್ಟೇನೂ ಬೇಕು, ಹೊಲಿಗೇನೂ ಬೇಕು. ಬರೀ ಬಟ್ಟೆ ಸುತ್ಕೊಂಡು ಬೀದಿಗೆ ಹೋಗಿ ನೋಡಿ, ಗಾಳಿ ಬೀಸಿದಾಗ ಗೊತ್ತಾಗತ್ತೆ.”

ಗೋಡೆಯ ಕಡೆಯಿಂದ ಇಸ್ತ್ರಿಯಣ್ಣ ಕತ್ತು ತಿರುಗಿಸಿದ. “ಇದನ್ನ ಪದ್ಯ ಮಾಡ್ಲಾ?”

“ನೀನು ಬಾಯ್ಮುಚ್ಚು!” ಅಕ್ಕ ಮತ್ತು ಮಾವ ಒಟ್ಟಿಗೇ ಗದರಿದರು.

ಮಾವ ಕತ್ತರಿಯನ್ನು ಟಪ್ಪೆಂದು ಇಟ್ಟರು. “ಸರಿ, ಇವತ್ತು ಸಂಜೆ ನಿನ್ನನ್ನೇ ಕುರ್ಚಿಯಿಂದ ಇಳಿಸ್ತೀವಿ.”

“ಇಳಿಸಿ, ಅದು ನಿಮ್ಮ ಕೈಲಿದೆ,” ಎಂದಳು ಅಕ್ಕ. “ಅವನ ಸರದಿ ನಿಮ್ಮ ಕೈಲಿಲ್ಲ.”

ಇಳಿಸಿಯೇಬಿಟ್ಟರು. ಸಂಜೆ ಮಿಷನ್‌ಗಳಿಗೆ ಮುಸುಕು ಹಾಕಿ ಎಲ್ಲರೂ ಗುಂಪಾಗಿ ನಿಂತರು. ಕೈಗಳು ಎದ್ದವು. ಅಕ್ಕ ತಾನೇ ಎಣಿಸಿ, ತಾನೇ ತನ್ನ ಸೋಲನ್ನು ಹೇಳಿ, ಕುರ್ಚಿಯನ್ನು ಸೆರಗಿನಿಂದ ಒರೆಸಿ ನನ್ನ ಪಕ್ಕಕ್ಕೆ ಬಂದು ನಿಂತಳು. ನನ್ನ ಕಣ್ಣು ತುಂಬಿದ್ದು ನೋಡಿ, “ಹೊಸ ಬಟ್ಟೆ ಮೇಲೆ ಬೀಳಿಸಬೇಡ ಕಣೇ, ಮತ್ತೆ ಒಗೀಬೇಕಾಗತ್ತೆ,” ಎಂದು ತಿವಿದಳು.

ಎದ್ದ ಕೈಗಳೇ ಮಾವನನ್ನು ಅಧ್ಯಕ್ಷನನ್ನಾಗಿ ಮಾಡಿದವು. ಹೊಸ ಅಧ್ಯಕ್ಷರು ಎಲ್ಲರೆದುರು ಕಟ್ಟಳೆಯನ್ನು ಬಾಯಿಪಾಠ ಒಪ್ಪಿಸಬೇಕು. ಮಾವ ಕೈಕಟ್ಟಿ ನಿಂತರು. ಅವರ ದನಿ ಒಳ್ಳೆಯ ದನಿ.

ದಾರವೆಲ್ಲರ ದುಡಿಮೆಯೆಲ್ಲರ ಲಾಭವೆಲ್ಲರದಾಗಲಿ;
ಯಾರ ತಲೆಯೂ ಯಾರ ಕಾಲಿಗು ಬಾಗದಂತೆಯೆ ಸಾಗಲಿ.

ನಾನು ಕಣ್ಣು ಮುಚ್ಚಿದೆ. ಅಪ್ಪ ದೀಪದ ಮುಂದೆ ಕೂತು ಪದ್ಯ ಹೇಳುವಾಗ ಹೀಗೆಯೇ ಕಣ್ಣು ಮುಚ್ಚಿ ಕೇಳುತ್ತಿದ್ದೆವು. ನೆಲದ ಮೇಲೆ ಯಾರದೋ ಹಿಮ್ಮಡಿ ತಾಳ ಹಾಕತೊಡಗಿತು. ಇನ್ನೊಂದು ಸೇರಿತು. ಮಾವ ಒಂದೊಂದೇ ಜೋಡಿಸಾಲು ದಾಟುತ್ತ ಬಂದು,

ಕೈಯನೆತ್ತಲು ಏರಿದವರೂ ಕೈಯನೆತ್ತಲು ಇಳಿಯಲಿ;

ಎಂದವರು, ಅದರ ಜೋಡಿಯನ್ನು ನುಂಗಿ ನೇರ ಮುಂದಿನ ಪದ್ಯಕ್ಕೆ ಹಾರಿದರು. ಹಾರಬಹುದು ಎಂದುಕೊಂಡಿದ್ದರು, ಪಾಪ. ಹೊಲಿಯುತ್ತ ಕಲಿತ ಪದ್ಯ ಅದು. ಒಂದು ಸಾಲು ಬಿಟ್ಟರೆ ತುಳಿಯುವ ಕಾಲೇ ಎಡವುತ್ತದೆ. ತಾಳ ನಿಲ್ಲಲಿಲ್ಲ, ಇಡೀ ಹೊಲಿಗೆಮನೆ ಒಂದೇ ಗಂಟಲಲ್ಲಿ ಹೇಳಿತು:

ಬಾಯಿ ತೆರೆಯುವ ಸರದಿ ಮಾತ್ರವು ಕೈಗೆ ನಿಲುಕದೆ ಉಳಿಯಲಿ!

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು ಕಾಲರ್ ಚಿಕ್ಕಮ್ಮ. ಹೇಳಿದ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಮುಖ ಮುಖ ನೋಡಿಕೊಂಡರು ಎಲ್ಲರೂ.

“ಏನಂದ್ರಿ?” ಮಾವನ ದನಿ ಇಳಿದಿತ್ತು. “ಇನ್ನೊಂದ್ಸಲ ಹೇಳಿ.”

ಹೇಳಿದರು. ಈ ಸಲ ನಿಧಾನವಾಗಿ, ಹೇಳುತ್ತಲೇ ಕೇಳಿಸಿಕೊಳ್ಳುತ್ತ. ಇಸ್ತ್ರಿಯಣ್ಣ ಗೋಡೆಗೆ ಬೆನ್ನು ಹಾಕಿ ನಿಂತಿದ್ದ. ಅವನ ತುಟಿಗಳೂ ಅದೇ ಸಾಲನ್ನು ಹೇಳುತ್ತಿದ್ದವು.

ಮಾವ ಹಣೆ ಒರೆಸಿಕೊಂಡರು. “ಹಳೇ ಮಾಲೀಕ, ಓದ್ತಾ ಇದ್ದ ನನ್ನನ್ನ ಸ್ಟೂಲಿಂದ ಎಳೆದು ಇಳಿಸಿದ್ದು ಗೊತ್ತಲ್ಲ. ಅದಕ್ಕೇ ಈ ಮಾತು ಸೇರಿಸಿ ಭಾವ ಅಂತ ನಿಮ್ಮಪ್ಪನ ಹತ್ರ ಹಟ ಹಿಡಿದಿದ್ದು ನಾನೇ ಕಣಮ್ಮ,” ಎಂದರು, ಅಕ್ಕನ ಕಡೆ ತಿರುಗಿ. ಆಮೇಲೆ ಎದೆಯುಬ್ಬಿಸಿ, ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ, ಒಂದಕ್ಷರ ಬಿಡದೆ ಕಟ್ಟಳೆ ಒಪ್ಪಿಸಿದರು. ಕಿಟಕಿಯ ಗಾಜು ಅದುರಿತು. ಮೊದಲು ಚಪ್ಪಾಳೆ ತಟ್ಟಿದವಳು ಅಕ್ಕ. ಅವಳ ಮುಖ ನೋಡಬೇಕಿತ್ತು ಆಗ. ಕುರ್ಚಿ ಹೋದವಳ ಮುಖವಲ್ಲ ಅದು, ಗೆದ್ದವಳದು.

ಚಪ್ಪಾಳೆ ನಿಂತ ಮೇಲೆ ಕಾಲರ್ ಚಿಕ್ಕಮ್ಮ ಮುಂದೆ ಬಂದರು. “ಪದ್ಯ ಚೆನ್ನಾಗಿದೆ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ನಾವು ನಿಮ್ಮನ್ನ ಕೂರಿಸಿದ್ದೇ ಇದಕ್ಕೆ. ಇಸ್ತ್ರಿಯವನ ಸರದಿ ತೆಗೀರಿ. ಆಮೇಲೆ ಗುಂಡಿಯವಳದ್ದೂ ನೋಡೋಣ, ದೇವರ ಪದ್ಯ ಕೇಳಿ ಕೇಳಿ ತೂಕಡಿಕೆ ಬರತ್ತೆ.”

ಅಕ್ಕ ನನ್ನ ಕೈ ಹಿಡಿದಳು. ಮಾವ ಒಮ್ಮೆ ನನ್ನನ್ನೂ ಒಮ್ಮೆ ಇಸ್ತ್ರಿಯಣ್ಣನನ್ನೂ ನೋಡಿ, ಎತ್ತರದ ಸ್ಟೂಲನ್ನು ದರದರ ಎಳೆದು ತಂದು ಎಲ್ಲರ ನಡುವೆ ನಿಲ್ಲಿಸಿದರು.

“ನಾಳೆ ಇವನೇ ಓದೋದು. ಇವನ ಇಸ್ತ್ರಿ ನಾನು ಹೊಡೀತೀನಿ.”

“ಅಯ್ಯೋ, ನಿಮ್ಮನ್ನ ಮತ್ತೆ ಒಂಟೆ ದರ್ಜಿ ಅಂತಾನೆ ಅಣ್ಣ!”

“ಅನ್ನಲಿ.”

“ನಮ್ಮ ಮಾತಿಗೆ ಬೆಲೆ ಇಲ್ವಾ? ಒಂದೇ ಒಂದು ಸರದಿ, ಅಣ್ಣ. ತೆಗೆದುಬಿಡಿ.”

“ಇಲ್ಲ ತಾಯಿ, ತೆಗೆಯಲ್ಲ.”