ಎಡಗಡೆಯ ನಲ್ಲಿ, ಅರ್ಧ ಸುತ್ತು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಪಾತ್ರೆ ತೊಳೆಯುವ ಮೆಷಿನ್ನಿನ ಕೆಂಪು ದೀಪದಿಂದ ಎಂದರೆ ನೀವು ಪುಟ ಮಗುಚುತ್ತೀರಿ. ಸಾವಿನಿಂದ ಎಂದರೆ ನೆಟ್ಟಗೆ ಕೂರುತ್ತೀರಿ. ಓದುಗರ ಈ ಪಕ್ಷಪಾತ ನನಗೆ ಹೊಸದಲ್ಲ. ಇರಲಿ, ಇದರಲ್ಲಿ ಎರಡೂ ಇವೆ.

೧ (ಮತ್ತೊಮ್ಮೆ)

ಅತ್ತೆ ತೀರಿಕೊಂಡು ಐದು ತಿಂಗಳಾಗಿತ್ತು. ಮಾವ ಬಾಲ್ಕನಿಯ ಕುರ್ಚಿ ಹಿಡಿದವರು ಮಾತನ್ನೇ ಬಿಟ್ಟಿದ್ದರು. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು; ಮೆಷಿನ್ನುಗಳ ಸದ್ದನ್ನೂ ಮೀರಿಸಿ ಮಾತಾಡಿದ ಗಂಟಲು. ಈಗ ಊಟವೇ ಎಂದರೂ ತಲೆಯಾಡಿಸುವುದು, ಟೀಯೇ ಎಂದರೂ ತಲೆಯಾಡಿಸುವುದು. ಅದು ಬೇಕು ಎಂದೋ ಬೇಡ ಎಂದೋ ಸೊಸೆಯೇ ಊಹಿಸಬೇಕಿತ್ತು.

ಒಂದು ಬೆಳಿಗ್ಗೆ ಮೆಷಿನ್ ಮೂರು ಸಲ ಕೀಂ ಎಂದು ನಿಂತಿತು. ನಲ್ಲಿಯ ಚಿತ್ರದ ಪಕ್ಕದಲ್ಲಿ ಕೆಂಪು ದೀಪ. ಸೊಸೆ ಆಫ್ ಮಾಡಿದಳು, ಆನ್ ಮಾಡಿದಳು, ಕೊನೆಗೆ ಬಾಗಿಲಿಗೊಂದು ಗುದ್ದು ಕೊಟ್ಟಳು. (ಜೊತೆಗೆ ಬಂದ ಪುಸ್ತಿಕೆಯಲ್ಲಿ ಗುದ್ದುವ ವಿಧಾನ ಇಲ್ಲ. ನೋಡಿದ್ದೇನೆ.)

ಬಾಲ್ಕನಿಯಿಂದ ದನಿ ಬಂತು.

"ಹೊಡೀಬೇಡಮ್ಮ, ಪಾಪ. ನೀರು ಬರ್ತಿಲ್ಲ ಅಂತ ಹೇಳ್ತಿದೆ, ಅಷ್ಟೇ. ಟಾರ್ಚ್ ತಗೊಂಡು ಬಾ."

ಐದು ತಿಂಗಳಲ್ಲಿ ಅಷ್ಟುದ್ದದ ಮಾತು ಅದೇ ಮೊದಲು. ಸೊಸೆ ಟಾರ್ಚ್ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಅತ್ತು ಬಂದಳು.

೨

ಮಾವನ ರಿಪೇರಿಗೆ ಒಂದು ಕ್ರಮವಿದೆ. ನೆಲಕ್ಕೆ ಹಳೇ ಪೇಪರ್ ಹಾಸಬೇಕು. ಮೊದಲು ತಳದ ಫಿಲ್ಟರ್ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಆಮೇಲೆ ನೀರು ಚಿಮ್ಮುವ ರೆಕ್ಕೆಯ ಒಂದೊಂದು ತೂತಿಗೂ ಗುಂಡುಪಿನ್ನು ಹಾಕಿ ನೋಡಬೇಕು. ಆಮೇಲೆ ಹಿಂದಿನ ಪೈಪು. ಸಿಂಕಿನ ಕೆಳಗಿನ ನಲ್ಲಿಗಳ ಸರದಿ ಕಟ್ಟಕಡೆಗೆ. ಒಟ್ಟು ಮುಕ್ಕಾಲು ಗಂಟೆ. ಸೊಸೆ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಟಾರ್ಚ್ ಹಿಡಿದಿರಬೇಕು.

ಅವತ್ತು ಪೈಪಿನ ಬಾಯಿಯ ಜಾಲರಿಯಲ್ಲಿ ಒಂದು ಚಿಟಿಕೆ ಮರಳು ಸಿಕ್ಕಿತು. (ಮೊದಲ ಡ್ರಾಫ್ಟಿನಲ್ಲಿ ಅತ್ತೆಯ ಕಳೆದುಹೋದ ಉಂಗುರ ಸಿಕ್ಕಿತ್ತು. "ಅವಳ ಉಂಗುರ ಯಾವತ್ತು ಕಳೆದಿತ್ತು? ಸುಳ್ಳು ಬರೀಬೇಡ" ಎಂದು ಮಾವ ಕಥೆಯ ಒಳಗಿನಿಂದಲೇ ತಕರಾರು ತೆಗೆದರು. ಉಂಗುರ ತೆಗೆದು ಮರಳು ಹಾಕಿದ್ದೇನೆ.)

ಕೈ ಕೆಲಸಕ್ಕೆ ಬಿದ್ದ ಮೇಲೆ ಬಾಯಿಯೂ ತೆರೆಯಿತು.

"ನಿಮ್ಮತ್ತೆ ಇದಕ್ಕೆ ಪಾತ್ರೆ ಹಾಕೋ ಮುಂಚೆ ಚೆನ್ನಾಗಿ ತೊಳೆದು ಹಾಕೋಳು, ಗೊತ್ತಾ? ಯಾಕೇ ಅಂದ್ರೆ, ಮೆಷಿನ್ನು ನಮ್ಮ ಬಗ್ಗೆ ಏನಂದ್ಕೊಳ್ಳುತ್ತೋ ಅನ್ನೋಳು."

ಇಬ್ಬರೂ ನಕ್ಕರು.

ದೀಪ ಆರಿತು. ಮಾವ ಕುರ್ಚಿಗೆ ಮರಳಿದರು. ಮರುದಿನವಿಡೀ ಮತ್ತೆ ಬರೀ ತಲೆಯಾಟ. ಮೂರನೆಯ ದಿನ ಸೊಸೆ ಅತ್ತಿತ್ತ ನೋಡಿ, ಸಿಂಕಿನ ಕೆಳಗೆ ಕೈಹಾಕಿ, ಮೆಷಿನ್ನಿನ ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿ ಮುಚ್ಚಿದಳು.

"ಮಾವ, ಮತ್ತೆ ಬಂತು ನೋಡಿ ಆ ಕೆಂಪು ದೀಪ!"

ಹೀಗೆ ಮೂರು ವಾರ, ಎರಡು ದಿನಕ್ಕೊಮ್ಮೆ.

೩

ನಿಮ್ಮ ತಕರಾರು ನನಗೆ ಕೇಳಿಸುತ್ತಿದೆ. ಮೂವತ್ತೈದು ವರ್ಷದ ಫಿಟ್ಟರನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ? ನಾನೂ ಪಾತ್ರವನ್ನೇ ನಿಲ್ಲಿಸಿ ಕೇಳಿದೆ. ಅವರು ಗುಂಡುಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರು.

"ನೀನು ಬರಿ. ನಾನು ಫಿಲ್ಟರ್ ತೊಳೀತೀನಿ."

ಹೀಗೆ ಪಾತ್ರಗಳು ಕೈಕೊಟ್ಟರೆ ಲೇಖಕ ಏನು ಮಾಡಬೇಕು ಹೇಳಿ.

೪

ನನ್ನ ಡ್ರಾಫ್ಟುಗಳನ್ನೆಲ್ಲ ಮೊದಲು ಓದುವವಳು ಈ ಕಥೆಯ ಸೊಸೆಯೇ. ಇಲ್ಲಿಯವರೆಗೆ ಓದಿ ಹಾಳೆ ಕೆಳಗಿಟ್ಟಳು.

"ರೀ, ಇದರಲ್ಲಿ ನೀವೆಲ್ಲಿ?"

ಸಿಕ್ಕಿಬಿದ್ದೆ. ಸೊಸೆ ಇದ್ದ ಮೇಲೆ ಮಗನೂ ಇರಬೇಕಲ್ಲ. ಇದ್ದಾನೆ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಥೆ ಬರೆಯುತ್ತಿದ್ದಾನೆ. ಅಮ್ಮ ಹೋದ ಮೇಲೆ ಅವನೂ ಅಪ್ಪನೊಂದಿಗೆ ಮಾತಾಡಿಲ್ಲ. ಏನು ಮಾತಾಡಬೇಕೋ ಗೊತ್ತಾಗಲಿಲ್ಲ. ಅಪ್ಪನ ಮುಖ ನೋಡಿದರೆ ಅಮ್ಮ ಇಲ್ಲದಿರುವುದು ಇನ್ನೂ ಜೋರಾಗಿ ಕಾಣುತ್ತಿತ್ತು, ಅದಕ್ಕೇ ನೋಡುತ್ತಿರಲಿಲ್ಲ.

(ಅವನು, ಅವನು ಎಂದು ಎಷ್ಟು ಹೊತ್ತು ಜಾರಿಕೊಳ್ಳಲಿ. ನಾನು.)

ಆದರೂ ಒಂದು ಘನಕಾರ್ಯ ಮಾಡಿದ್ದೆ. ದಿನಬಿಟ್ಟು ದಿನ ಕೀಂ ಕೀಂ ಕೇಳಿ ಬೇಸತ್ತು, ಕಂಪನಿಗೆ ಫೋನ್ ಮಾಡಿ ಶನಿವಾರಕ್ಕೆ ಮೆಕ್ಯಾನಿಕ್ಕನ್ನು ಕರೆದಿದ್ದೆ. ಈ ಕಥೆ ಶುರುಮಾಡುವ ಮೊದಲು ಅದನ್ನು ಹೇಳಿದಾಗಲೇ ಅವಳು ತಲೆ ಚಚ್ಚಿಕೊಂಡು ನಲ್ಲಿಯ ಗುಟ್ಟು ಬಿಚ್ಚಿಟ್ಟಿದ್ದಳು.

"ಅವನು ಬಂದು ಒಂದೇ ನಿಮಿಷದಲ್ಲಿ, ನಲ್ಲಿ ಮುಚ್ಚಿದೆ ಅಷ್ಟೇ ಮೇಡಂ ಅಂತಾನೆ. ಆಮೇಲೆ ಮಾವನ ಮುಖ ನೋಡೋಕಾಗುತ್ತಾ? ಮತ್ತೆ ಆ ಕುರ್ಚಿಗೆ ಹೋಗಿ ಕೂತ್ರೆ ನಾನು ಎಬ್ಬಿಸಲಾರೆ. ನೀವಂತೂ ಎಬ್ಬಿಸೋರಲ್ಲ."

ಕೊನೆಯ ವಾಕ್ಯವನ್ನು ಹೊಡೆದುಹಾಕೋಣ ಅಂದುಕೊಂಡೆ. ಬಿಟ್ಟಿದ್ದೇನೆ.

೫

ಮುಕ್ತಾಯ ಒಂದು: ಮೆಕ್ಯಾನಿಕ್ ಬರುತ್ತಾನೆ, ಗುಟ್ಟು ರಟ್ಟಾಗುತ್ತದೆ, ಅಪ್ಪ ಕುರ್ಚಿಗೆ. ಬರೆದು ಹರಿದೆ.

ಮುಕ್ತಾಯ ಎರಡು: ಮೆಕ್ಯಾನಿಕ್ ಎಲ್ಲವನ್ನೂ ಅರ್ಥಮಾಡಿಕೊಂಡು, ಸೊಸೆಗೆ ಕಣ್ಣು ಮಿಟುಕಿಸಿ ಹೋಗುತ್ತಾನೆ. ಹೊತ್ತು ಮುಳುಗುವುದರೊಳಗೆ ಇನ್ನೂ ನಾಲ್ಕು ಮನೆ ಮುಗಿಸಬೇಕಾದವನಿಗೆ ಕಣ್ಣು ಮಿಟುಕಿಸಲು ಪುರುಸೊತ್ತೆಲ್ಲಿ?

ಮುಕ್ತಾಯ ಮೂರು ಬರೆಯಲಿಲ್ಲ, ಮಾಡಿದೆ. ಫೋನ್ ಮಾಡಿ ಮೆಕ್ಯಾನಿಕ್ ಬೇಡ ಎಂದೆ. "ಯಾಕೆ ಸರ್, ಸರಿಹೋಯ್ತಾ?" ಎಂದಳು ಆ ಕಡೆಯ ಹುಡುಗಿ. "ಇನ್ನೂ ಇಲ್ಲಮ್ಮ" ಎಂದೆ.

೬

ಇವತ್ತು ಹೆಂಡತಿ ಬೇಗ ಕೆಲಸಕ್ಕೆ ಹೋದಳು. ನಾನು ಹುಟ್ಟಿದ ಮೇಲೆ ಮೊದಲ ಬಾರಿಗೆ ಸಿಂಕಿನ ಕೆಳಗೆ ತಲೆ ತೂರಿಸಿದೆ. ಕೈಗೆ ಸಿಕ್ಕ ನಲ್ಲಿಯನ್ನು ಗಟ್ಟಿಯಾಗಿ ಮುಚ್ಚಿ, ಮೆಷಿನ್ ಆನ್ ಮಾಡಿ, ಕಳ್ಳಹೆಜ್ಜೆ ಇಡುತ್ತ ಕೋಣೆಗೆ ಬಂದು ಈ ಭಾಗ ಬರೆಯಲು ಕೂತೆ. ಕೀಂ ಎನ್ನಲಿ ಎಂದು ಕಾಯುತ್ತಿದ್ದೇನೆ. ಅದು ಅನ್ನುತ್ತಿಲ್ಲ. ಮೆಷಿನ್ ಒಳಗೆ ನೀರು ಸಂಭ್ರಮದಿಂದ ಚಿಮ್ಮುವ ಸದ್ದು ಕೇಳಿಸುತ್ತಿದೆ.

ಈಗ ಅಡುಗೆಮನೆಯಿಂದ ಅಪ್ಪನ ದನಿ.

"ಮೆಷಿನ್ ಚೆನ್ನಾಗೇ ಓಡ್ತಿದೆ. ಸಿಂಕಿಗೆ ನೀರು ಬರ್ತಿಲ್ಲ."

ನಾನು ಬರೆಯುತ್ತಲೇ ಇದ್ದೇನೆ.

"ಮೆಷಿನ್ನಿಂದು ಎಡಗಡೇದು ಕಣೋ. ನಿನ್ನ ಹೆಂಡ್ತಿ ಒಂದಿನಾನೂ ತಪ್ಪಿಲ್ಲ. ಅರ್ಧ ಸುತ್ತು, ಅಷ್ಟೇ. ನೀನು ಬಲಗಡೇದನ್ನ ಹೀಗೆ ಬಿಗಿದು ಕೂರಿಸಿದ್ದೀಯ, ನನ್ನ ಕೈಲಿ ಬಿಚ್ಚೋಕೇ ಆಗ್ತಿಲ್ಲ."

ಇದ್ದಲ್ಲಿಂದಲೇ ಕೇಳಿದೆ.

"ನಿಮಗೆ ಮೊದಲಿಂದಾನೂ ಗೊತ್ತಿತ್ತಾ, ಅಪ್ಪ?"

"ಅವಳಿಗೆ ಹೇಳ್ಬೇಡ. ಬೆಳಗಿಂದ ಒಂದೇ ಸಮ ಓಡಾಡ್ತಾಳೆ. ನಾನು ರಿಪೇರಿ ಮಾಡುವಾಗ್ಲಾದ್ರೂ ಮುಕ್ಕಾಲು ಗಂಟೆ ಒಂದು ಕಡೆ ಕೂರ್ತಾಳೆ, ನಗ್ತಾಳೆ."

ಆಮೇಲೆ:

"ಬರ್ತೀಯೇನೋ? ಟಾರ್ಚ್ ತಗೊಂಡು ಬಾ."

೭

ಈ ಡ್ರಾಫ್ಟನ್ನು ಅವಳಿಗೆ ಓದಲು ಕೊಡಬೇಕೋ ಬೇಡವೋ? ಕೊಟ್ಟರೆ ಅಪ್ಪನ ಮಾತು ಮೀರಿದಂತಾಗುತ್ತದೆ. ಕೊಡದಿದ್ದರೆ ಬಾಲ್ಕನಿಯ ಕುರ್ಚಿಯ ಭಯ ಅವಳಿಗೆ ಹೋಗುವುದೇ ಇಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ? ಮುಕ್ತಾಯಕ್ಕಾಗಿ ಇಲ್ಲೇ ಕಾದು ಕೂರಬೇಡಿ, ನಾನೂ ಕೂರುವುದಿಲ್ಲ. ಅಪ್ಪ ಎರಡನೇ ಸಲ ಕರೆಯುತ್ತಿದ್ದಾರೆ, ಮೂರು ಡ್ರಾಯರ್ ಎಳೆದು ನೋಡಿದ್ದಾಯಿತು, ಈ ಮನೆಯಲ್ಲಿ ಟಾರ್ಚ್ ಎಲ್ಲಿರುತ್ತದೆ ಎಂದೇ ನನಗೆ ಗೊತ್ತಿಲ್ಲ.