ಕೋಟೆ ಬಾಗಿಲು ಮುಚ್ಚಿದವರು

ನನ್ನ ಗಂಡ ದೇವಿದಾಸ ಕೋಟೆ ಬಾಗಿಲು ತೆಗೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರು ಮೋರಖಂಡಿಯಲ್ಲಿ ಈಗ ಇದನ್ನು ನಂಬುವವರು ಬೆರಳೆಣಿಕೆಯಷ್ಟು ಮಂದಿ.

ಕಳೆದ ವರ್ಷ ಬಸವಕಲ್ಯಾಣದ ಕೋಟೆಗೆ ಧಾರಾವಾಹಿಯವರು ಬಂದರು. ಯುದ್ಧದ ಒಂದು ದಪ್ಪ ಕಾದಂಬರಿಯನ್ನು ಆರು ಕಂತಿನಲ್ಲಿ ತೆಗೆಯುತ್ತಿದ್ದರು. ಸೈನಿಕರ ಗುಂಪಿನಲ್ಲಿ ನಿಲ್ಲಲು ಸುತ್ತಲಿನ ಊರಿನ ಗಂಡಸರೆಲ್ಲ ಓಡಿದರು. ನಮ್ಮ ಮನೆಯವರು ಗುಂಪಿನಲ್ಲಿ ಸುಮ್ಮನೆ ನಿಲ್ಲುವವರೇ ಅಲ್ಲ. ಊಟದ ಹೊತ್ತಿಗೆ ನಿರ್ದೇಶಕರ ಪಕ್ಕ ಕೂತು ಮನೆತನದ ಕಥೆ ಬಿಚ್ಚಿದರು. ಅವರ ವಂಶದ ಹಿರಿಯನೊಬ್ಬ ಕೋಟೆಯ ಬಾಗಿಲು ಕಾಯುತ್ತಿದ್ದ. ವೈರಿಗಳು ನುಗ್ಗಿದಾಗ ಭುಜ ಕೊಟ್ಟು ಬಾಗಿಲು ಮುಚ್ಚಿ, ಅದಕ್ಕೇ ಒರಗಿ ಸತ್ತ. ಊರಲ್ಲಿ ಇಂದಿಗೂ ನಮ್ಮನ್ನು ‘ಬಾಗಿಲದವರು’ ಎನ್ನುತ್ತಾರೆ. ನಿರ್ದೇಶಕರು ಖುಷಿಯಾಗಿ ಬಾಗಿಲು ಕಾಯುವವನ ಪಾತ್ರವನ್ನೇ ಕೊಟ್ಟರು. ಜೊತೆಗೆ ಕಾದಂಬರಿಯ ಒಂದು ಪ್ರತಿಯನ್ನೂ ಕೊಟ್ಟರು.

ತಪ್ಪಾಗಿದ್ದು ನನ್ನಿಂದ. ಮನೆಯಲ್ಲಿ ಓದಲು ಬರುವವಳು ನಾನೊಬ್ಬಳೇ. ಇವರಿಗೂ ಅತ್ತೆ ಕೇಶರಬಾಯಿಯವರಿಗೂ ತೊಂಬತ್ತು ಪುಟ ಓದಿ ಹೇಳಿದೆ. ಅಷ್ಟರವರೆಗೆ ಬಾಗಿಲು ಕಾಯುವವನು ಬಂಗಾರದಂಥ ಮನುಷ್ಯ. ಆಮೇಲೆ ತೊಗರಿ ಹೊಲದ ಕಳೆ ತೆಗೆಯುವ ಕೆಲಸ ಶುರುವಾಯಿತು, ಪುಸ್ತಕ ಟ್ರಂಕು ಸೇರಿತು.

ಚಿತ್ರೀಕರಣದ ಏಳನೆಯ ದಿನ ಬೆಳಿಗ್ಗೆ ನಮ್ಮ ಮನೆಯವರಿಗೆ ಗೊತ್ತಾಯಿತು: ಇವತ್ತು ಈ ಬಾಗಿಲು ಕಾಯುವವನೇ ವೈರಿಗಳ ಕಡೆ ಸೇರಿ ಬಾಗಿಲು ತೆಗೆಯುತ್ತಾನೆ. ನನಗೆ ಫೋನು ಮಾಡಿದರು. ಹೊಲದಿಂದ ಹಾಗೇ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಧಾರಾವಾಹಿಯ ನಾಲ್ಕು ಜನ ಅವರನ್ನು ಗೋಡೆಗೆ ಒತ್ತಿದಂತೆ ಸುತ್ತುವರಿದು ಒಂದೇ ಸಮನೆ ಹೇಳುತ್ತಿದ್ದರು: ಕಾಗದಕ್ಕೆ ಸಹಿ ಆಗಿದೆ. ಆರು ದಿನ ಮುಖ ತೋರಿಸಿಯಾಗಿದೆ, ಬೇರೆಯವರನ್ನು ಹಾಕಲು ಬರುವುದಿಲ್ಲ. ಕುದುರೆಗಳು ಬಿಸಿಲಲ್ಲಿ ನಿಂತಿವೆ.

“ನಾ ತೆಗ್ಯಾಂಗಿಲ್ರಿ,” ಅಂದರು ಇವರು. “ಮುಚ್ಚು ಅಂದ್ರ ಮುಚ್ಚತೀನಿ.”

ನಿರ್ದೇಶಕರು ಕ್ಯಾಮೆರಾದವನ ಕಿವಿಯಲ್ಲಿ ಏನೋ ಹೇಳಿ, ಆಗಲಿ, ಮುಚ್ಚಿ ಎಂದರು. ಇವರು ಭುಜ ಕೊಟ್ಟು ಎಷ್ಟು ಚಂದ ಮುಚ್ಚಿದರೆಂದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದೆವು ಅಂದುಕೊಂಡು ಬಸ್ಸು ಹತ್ತಿದೆವು. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು.

ಧಾರಾವಾಹಿ ಇಂಟರ್ನೆಟ್ಟಿನಲ್ಲಿ ಆರೂ ಕಂತು ಒಟ್ಟಿಗೇ ಬಂದಾಗ ಮಗಳು ಆಮ್ರಪಾಲಿಯ ಮನೆಗೆ ಹುಮನಾಬಾದಿಗೆ ಹೋದೆವು. ಅವಳ ಮನೆಯ ಟೀವಿ ದೊಡ್ಡದು, ಇಂಟರ್ನೆಟ್ಟೂ ಇದೆ. ಬೀಗರನ್ನೂ ನೆರೆಯವರನ್ನೂ ನಾವೇ ಕರೆದು ಕೂರಿಸಿದ್ದೆವು. ಭಾನುವಾರ ಬೆಳಿಗ್ಗೆಯಿಂದ ನೋಡುತ್ತ ಮಧ್ಯಾಹ್ನ ಐದನೆಯ ಕಂತಿಗೆ ಬಂದೆವು. ಅತ್ತೆ, ಇವರು, ನಾನು, ಮೂವರೂ ಎಲ್ಲರಿಗಿಂತ ಮುಂದೆ. ನಮ್ಮ ಹಿಂದೆ ಹೊಸ್ತಿಲವರೆಗೂ ಜನ.

ಟೀವಿಯಲ್ಲಿ ಬಾಗಿಲು ಮುಚ್ಚಿತ್ತು. ನನ್ನ ಗಂಡ ಅದಕ್ಕೆ ಭುಜ ಹಚ್ಚಿ ನಿಂತಿದ್ದರು. ನೋಡುತ್ತಿದ್ದಂತೆ ಒಂದೊಂದೇ ಹೆಜ್ಜೆ ಹಿಂದೆ ಸರಿದರು, ಬಾಗಿಲು ಅವರ ಜೊತೆಗೇ ತೆರೆದುಕೊಂಡು ಬಂತು. ಮರುಕ್ಷಣ ಬರೀ ತೆರೆದ ಬಾಗಿಲು ತೋರಿಸಿದರು, ಕುದುರೆಗಳು ಒಳಗೆ ನುಗ್ಗಿದವು. ಬೀಗರು ಒಮ್ಮೆ ಟೀವಿ ನೋಡಿದರು, ಒಮ್ಮೆ ಇವರನ್ನು ನೋಡಿದರು.

ಮೊದಲು ಗುರುತಿಸಿದವಳು ಆಮ್ರಪಾಲಿ. ಬಾಗಿಲ ಪಕ್ಕದ ದೀವಟಿಗೆಯ ಹೊಗೆ ಮೇಲಿಂದ ಕೆಳಗೆ ಇಳಿದು ದೀವಟಿಗೆಯೊಳಗೇ ಹೋಗುತ್ತಿತ್ತು. “ಅಪ್ಪ ಮುಚ್ಚಿದ್ದನ್ನ ಉಲ್ಟಾ ತಿರುಗಿಸ್ಯಾರ,” ಎಂದು ಎಲ್ಲರಿಗೂ ತೋರಿಸಲು ಆ ದೃಶ್ಯವನ್ನು ಹಿಂದಕ್ಕೆ ಒಯ್ದು ಮತ್ತೆ ಹಚ್ಚಿದಳು. ಹೊಗೆಯನ್ನು ಯಾರೂ ನೋಡಲಿಲ್ಲ. ಅವಳು ಹಚ್ಚಿದಷ್ಟು ಸಲ ಇವರು ಬಾಗಿಲು ತೆಗೆದರು. ಮೂರನೆಯ ಸಲಕ್ಕೆ ನಾನೇ ಸಾಕು ಮಾಡು ಎಂದೆ.

“ನಾ ಮುಚ್ಚೀನ್ರಿ,” ಎಂದು ಇವರು ಬೀಗರಿಗೆ ಹೇಳಿದರು. ಬೀಗರು ಒಳ್ಳೆಯವರು. ಹೋಗಲಿ ಬಿಡಿ, ನಾಟಕವಲ್ಲವೇ ಎಂದು ಸಮಾಧಾನ ಮಾಡಿದರು. ಇವರು ಪಕ್ಕದವರಿಗೂ ಅದನ್ನೇ ಹೇಳಿದರು, ಹಿಂದಿನವರಿಗೂ ಹೇಳಿದರು. ಎದ್ದು ಹೋಗೋಣವೆಂದರೆ ಬಾಗಿಲವರೆಗೂ ಬರೀ ಕಾಲುಗಳು.

ಅತ್ತೆ ಮಗನ ಕೈ ಹಿಡಿದು ಕೂರಿಸಿದರು. “ನೀ ಮುಚ್ಚಿದ್ದು ನನಗ ಗೊತ್ತದಪ್ಪ. ಮಂದಿಗಿ ಹೇಳಬ್ಯಾಡ. ಹೇಳಿದಷ್ಟೂ ನೀನೇ ತೆಗದಂಗ ಕಾಣ್ತದ.”

ಇವರು ಬೀಗರು ಕೊಟ್ಟ ಚಹಾ ಇಸಕೊಂಡು, ಎಲ್ಲರ ಜೊತೆ ಆರನೆಯ ಕಂತು ನೋಡುತ್ತ ಕೂತರು.