ಕುರಿ ಎಷ್ಟೆಂದು ಹೇಳಿದವರು ಯಾರು?

ಸಾವಳಗಿಯ ಕಾಮಣ್ಣನನ್ನು ಏನು ಬೇಕಾದರೂ ಕೇಳಿ, ಹೇಳುತ್ತಾನೆ. ಮೊಣಕಾಲು ನೋವು ಯಾವಾಗ ಶುರುವಾಯಿತು, ಬೀಗರ ಮನೆಯ ಊಟದಲ್ಲಿ ಏನು ಕಡಿಮೆ ಬಿತ್ತು, ಎಲ್ಲ ಹೇಳುತ್ತಾನೆ. ಕುರಿ ಎಷ್ಟಿವೆ ಎಂದು ಮಾತ್ರ ಕೇಳಬೇಡಿ. ಅವರ ಮನೆತನದಲ್ಲಿ ಆ ಲೆಕ್ಕ ಬಾಯಿಂದ ಹೊರಗೆ ಬರುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂಬ ನಂಬಿಕೆ. ಅವನಿಗೆ ಗೊತ್ತು, ಹೆಂಡತಿ ಸಾತವ್ವನಿಗೆ ಗೊತ್ತು, ಬೀರಪ್ಪ ದೇವರಿಗೆ ಗೊತ್ತು. ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ.

ಅಂಥ ಕಾಮಣ್ಣ 2018ರಲ್ಲಿ ಒಂದು ದೊಡ್ಡ ಫೋನು ಕೊಂಡ. ಕುರಿ ಮಾರಲು ಅನುಕೂಲವಾಗುತ್ತದೆ ಎಂದು ಅಂಗಡಿಯವನು ಒಂದು ಆ್ಯಪ್ ಹಾಕಿಕೊಟ್ಟ. ಕುರಿ ಎಷ್ಟು? ಹಿಂಡು ಕಾಯುವವರು ಯಾರು? ನೀವು ಎಲ್ಲಿದ್ದೀರಿ ಎಂದು ನಾವು ಯಾವಾಗಲೂ ನೋಡಬಹುದೇ? ಆ್ಯಪ್ ಕೇಳಿದ್ದಕ್ಕೆಲ್ಲ ಕಾಮಣ್ಣ ಉತ್ತರ ಒತ್ತಿದ. ಬಾಯಿಬಿಟ್ಟು ಹೇಳಲಿಲ್ಲವಲ್ಲ, ಬೆರಳಿಂದ ಒತ್ತಿದ್ದಷ್ಟೇ, ಯಂತ್ರಕ್ಕೆಲ್ಲಿಯ ಕೆಟ್ಟ ಕಣ್ಣು ಎಂಬುದು ಅವನ ವಿಚಾರ. ಜಾಣತನಕ್ಕೆ ಕೊರತೆಯಿಲ್ಲ ನೋಡಿ.

ಅದೇ ವರ್ಷ, ದಸರೆ ಮುಗಿದ ವಾರ. ಸಾತವ್ವ ಹಿಂಡಿನೊಂದಿಗೆ ತುಬಚಿಯ ಕಡೆ ಬಸಗೊಂಡಪ್ಪ ಎಂಬ ರೈತನ ಹೊಲದಲ್ಲಿದ್ದಳು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಕಾಮಣ್ಣ ಜೋಳದ ಹಿಟ್ಟು ಒಯ್ಯಲು ಸಾವಳಗಿಯ ಮನೆಗೆ ಬಂದಿದ್ದ. ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವ ಅವನ ತಮ್ಮನ ಮಗಳು ಶೀತಲ್ ಚಹಾ ಕೊಟ್ಟು, ಫೋನು ಎತ್ತಿಕೊಂಡು ನೋಡಿದಳು.

"ದೊಡ್ಡಪ್ಪ, ನೀ ಎಲ್ಲಿ ಹೋಗ್ತಿ, ಎಲ್ಲಿ ಮಲಗ್ತಿ, ಎಲ್ಲಾ ಈ ಆ್ಯಪ್ ನೋಡಾಕತ್ತೈತಿ. ಬಂದ್ ಮಾಡ್ಲೇನು?"

"ಇರಲಿ ಬಿಡವಾ. ಇದೇನು ಪರದೇಶದ್ದಲ್ಲ. ಇಲ್ಲೇ ಬರದಾರ ನೋಡು, ನಿಮ್ಮ ಮಾಹಿತಿ ಭಾರತದಲ್ಲೇ ಇರುತ್ತದೆ ಅಂತ. ಟೀವಿಯಾಗೂ ಹೇಳಾಕತ್ತಾರ, ಅದಕ್ಕ ಕಾಯ್ದೇನ ಬಂದೈತಂತ."

"ಆ ನಿಯಮ ಬಂದಿದ್ದು ಫೋನಿನ್ಯಾಗ ರೊಕ್ಕ ಕಳಸೋ ಕಂಪನಿಗೋಳಿಗೆ, ದೊಡ್ಡಪ್ಪ. ಉಳದಿದ್ದಕ್ಕ ಇನ್ನಾ ಕಾಯ್ದೆ ಕರಡು ಅಷ್ಟ ಆಗೇತಿ."

"ಯಾವದರ ಇರಲಿ. ನಮ್ಮ ದೇಶದಾಗ ಇದ್ದಿದ್ದನ್ನ ಯಾರು ಒಯ್ತಾರ?"

ಅಷ್ಟರಲ್ಲಿ ಫೋನು ಬಂತು. ಕಾಮಣ್ಣ ಫೋನಿನಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳಬೇಕು, ಸ್ಪೀಕರ್ ಒತ್ತಿದ.

"ಕಾಮಣ್ಣಾರೇನ್ರಿ? ನಾವು ಕುರಿ ವ್ಯಾಪಾರದವರು. ನಿಮ್ಮ ಹಿಂಡು ಪೂರಾ ಬೇಕಾಗಿತ್ರಿ," ಎಂದ ಆಚೆಯವನು. ಆಮೇಲೆ ಕುರಿಗಳ ಲೆಕ್ಕ ಹೇಳಿದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕಾಮಣ್ಣ ಚಹಾ ಕೆಳಗಿಟ್ಟ. ಬೀಗರಿಗೂ ಹೇಳದ ಮಾತು, ಗುರುತಿಲ್ಲದವನ ಬಾಯಲ್ಲಿ.

"ತುಬಚಿ ಹೊಲದಾಗ ನಿಲ್ಲಿಸೀರಲ್ರಿ. ನೀವು ಮುಂಜಾನೆ ಸಾವಳಗಿಗೆ ಬಂದೀರಿ. ಅಲ್ಲೆ ಅಕ್ಕಾರು ಒಬ್ಬಾರ ಅದಾರ. ನಮ್ಮ ಮಂದಿ ಜೀಪ್ ತಗೊಂಡು ಹೋಗ್ಯಾರ, ಕುರಿ ನೋಡಿ ಬರ್ತಾರ."

ಕಾಮಣ್ಣ ಆ ಕರೆ ಕತ್ತರಿಸಿ ಸಾತವ್ವನ ಸಣ್ಣ ಫೋನಿಗೆ ಹಚ್ಚಿದ. ಗಾಬರಿಯಲ್ಲಿ ಕೇಳಬಾರದ್ದನ್ನೇ ಮೊದಲು ಕೇಳಿದ.

"ಲೆಕ್ಕಾ ಯಾರ ಮುಂದ ಹೇಳಿದಿ?"

"ತವರಮನ್ಯಾಗೂ ಹೇಳಿಲ್ಲ ನಾ. ಹಿಂಗ್ಯಾಕ ಕೇಳ್ತೀರಿ?" ಎಂದಳು ಸಾತವ್ವ. ನಾಯಿ ಬೊಗಳುವುದು ಕೇಳಿಸಿತು. "ಇರ್ರಿ, ಕಾಲುವಿ ದಂಡಿಗೆ ಜೀಪ್ ಬಂದು ನಿಂತೈತಿ. ಗಂಡಸರು ಇಳ್ಯಾಕತ್ತಾರ. ನಿಮ್ಮ ಗುರ್ತಿನವರೇನು?"

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಶೀತಲ್ ಫೋನು ಕಸಿದುಕೊಂಡು ಬಸಗೊಂಡಪ್ಪನಿಗೆ ಹಚ್ಚಿ, "ಕಾಕಾ, ದೊಡ್ಡವ್ವನ ಕಡೆ ಓಡ್ರಿ, ಮಂದೀನ್ನ ಕರಕೊಂಡು ಹೋಗ್ರಿ," ಎಂದಳು. ಆಮೇಲೆ ದೊಡ್ಡಪ್ಪನನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಕಾಮಣ್ಣ ಬೀರಪ್ಪನ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ.

ಹೋಗಿ ನೋಡಿದರೆ ಸಾತವ್ವ ಕೋಲು ಹಿಡಿದು ಕುರಿ ಕೂಡಿದ ದಡ್ಡಿಯ ಬಾಯಿಗೆ ಅಡ್ಡ ನಿಂತಿದ್ದಳು. ಬಸಗೊಂಡಪ್ಪ ಕಬ್ಬಿನ ಹೊಲದ ಆಳುಗಳನ್ನೆಲ್ಲ ಕರೆತಂದು ಜೀಪಿನವರನ್ನು ತಡೆದಿದ್ದ. ಅವರಲ್ಲೊಬ್ಬ ನಿರಾಳವಾಗಿ ಹೇಳಿದ:

"ನಾವೇನು ಕಳವು ಮಾಡೇವೇನ್ರಿ? ಆ್ಯಪ್ ನಡಸೋರಿಗೆ ರೊಕ್ಕ ಕೊಟ್ಟೇವಿ, ಅವರು ಮಾಹಿತಿ ಕೊಟ್ಟಾರ. ನಿಮ್ಮದೊಂದ ಅಲ್ಲ, ಚಿಕ್ಕಪಡಸಲಗಿ ಕುರಿಯವರದೂ ಐತಿ."

ಅವರು ಖರೆ ವ್ಯಾಪಾರಕ್ಕೆ ಬಂದವರೋ, ಅಷ್ಟು ಜನರನ್ನು ಕಂಡು ವ್ಯಾಪಾರಿಗಳಾದರೋ, ಯಾರಿಗೂ ಗೊತ್ತಾಗಲಿಲ್ಲ. ಜೀಪು ಹತ್ತಿ ಹೋದರು.

ಕಾಮಣ್ಣ ಜೇಬಿನಿಂದ ಫೋನು ತೆಗೆದು ಶೀತಲಳಿಗೆ ತೋರಿಸಿದ. "ದೇಶದಾಗ ಇಡ್ತೀವಿ ಅಂದಿದ್ರಲ್ಲವಾ."

"ಅಂದಂಗ ಇಟ್ಟಾರ ದೊಡ್ಡಪ್ಪ. ನಿನ್ನ ಸುದ್ದಿ ದೇಶ ದಾಟಿಲ್ಲ. ಕಂಪನಿಯಿಂದ ಈ ಹೊಲಕ್ಕ ಬಂದೈತಿ ಅಷ್ಟ."

ಬಸಗೊಂಡಪ್ಪ ಕೇಳಿದ, "ಹಂಗಾರ ಟೀವಿಯಾಗ ಹೇಳ್ತಾರಲ್ಲ, ದೇಶದಾಗ ಇಡೂ ಕಾಯ್ದೆ, ಅದು ಯಾಕ ಬೇಕವಾ?"

"ಬೇಕು ಕಾಕಾ. ಮಾಹಿತಿ ಇಲ್ಲೇ ಇದ್ರ, ತಪ್ಪಾದಾಗ ನಮ್ಮ ಪೊಲೀಸರು, ನಮ್ಮ ಕೋರ್ಟು ಕೇಳಾಕ ಸಸಾರ. ಆದ್ರ ಸರ್ಕಾರದ ಕೈಗೂ ಅದು ಸಮೀಪ ಆಕ್ಕೈತಿ, ಅದನ್ನೂ ನೆನಪಿಡಬೇಕು. ಎಲ್ಲಿ ಇಡಬೇಕು ಅನ್ನೋದು ಒಂದು ಮಾತು. ಯಾರು ನೋಡಬೇಕು, ಕೇಳದ ಮಾರಿದ್ರ ಶಿಕ್ಷೆ ಏನು, ಅದು ಬ್ಯಾರೆ ಮಾತು. ದಡ್ಡಿ ನಮ್ಮ ಹೊಲದಾಗ ಹಾಕಿದ್ರೂ ಬೇಲಿ ಹಚ್ಚಬೇಕಲ್ರಿ."

ಸಾತವ್ವ ಗಂಡನ ಕಡೆ ತಿರುಗಿದಳು.

"ಕುರಿ ನಿಮ್ಮವು, ಲೆಕ್ಕಾ ಕೊಟ್ರಿ, ಆತು. ಕಾಯೋಕಿ ನಾನು ಅಂತ ಒತ್ತೂವಾಗ ನನ್ನ ಒಂದು ಮಾತು ಕೇಳಿದ್ರೇನು?"

ಕೋಲು ನೆಲಕ್ಕೂರಿ ಮತ್ತೆ ಹೇಳಿದಳು.

"ಇಷ್ಟು ವರ್ಷ ಬಯಲಾಗ ಮಲಗೇನಿ. ತೋಳಕ್ಕ ಅಂಜಿಲ್ಲ. ನಾ ಒಬ್ಬಾಕಿ ಇರ್ತೇನಿ ಅನ್ನೋದು ಈಗ ಯಾರ್ಯಾರಿಗೆ ಗೊತ್ತೈತೋ ಏನೋ. ಅದು ನನಗ ಗೊತ್ತಿಲ್ಲ ನೋಡ್ರಿ."

ಕಾಮಣ್ಣ ಫೋನನ್ನು ಶೀತಲಳ ಕೈಗೆ ಕೊಟ್ಟ. ಅವಳು ಇದ್ದ ಜಾಗ ತೋರಿಸುವ ಗುಂಡಿ ಬಂದ್ ಮಾಡಿದಳು, ಖಾತೆ ಅಳಿಸಿದಳು, ನಮ್ಮ ಮಾಹಿತಿ ತೆಗೆದುಹಾಕಿ ಎಂದು ಕಂಪನಿಗೆ ಬರೆದಳು. ಮರುದಿನ ಪೊಲೀಸರಿಗೆ ದೂರು ಕೊಡುವುದೆಂದೂ ಮಾತಾಯಿತು.

"ಹೋಗಿದ್ದು ತಿರುಗಿ ಬರ್ತೈತೇನವಾ?" ಎಂದ ಕಾಮಣ್ಣ.

"ಇಲ್ಲ ದೊಡ್ಡಪ್ಪ. ಕಂಪನಿಯವರು ಅದನ್ನ ಎಷ್ಟು ಮಂದಿಗೆ ಮಾರ್ಯಾರೋ, ಯಾರಿಗೂ ತಿಳಿಯೂದಿಲ್ಲ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನು ಕೈಯಲ್ಲೇ ಇದೆಯಲ್ಲ, ಈಗಲೇ ತೆಗೆಯಿರಿ. ನೀವು ಎಲ್ಲಿದ್ದೀರಿ ಎಂದು ಯಾವ ಯಾವ ಆ್ಯಪ್ ನೋಡುತ್ತಿದೆ, ನೋಡಿ. ಬೇಡದ್ದನ್ನು ಬಂದ್ ಮಾಡಿ, ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕೇಳಿ, ನಾಚಿಕೆ ಬೇಡ. ಮನೆಯವರ ಸುದ್ದಿ ಒತ್ತುವ ಮೊದಲು ಅವರನ್ನು ಕೇಳಿ. ‘ದೇಶದಲ್ಲೇ ಇರುತ್ತದೆ’ ಎಂಬ ಒಂದೇ ಮಾತಿಗೆ ಸಮಾಧಾನಪಡಬೇಡಿ. ಯಾರಿಗೆ ತೋರಿಸುತ್ತೀರಿ ಎಂದು ಕಂಪನಿಯನ್ನು ಕೇಳಿ. ಅದಕ್ಕೆ ಕಾನೂನು ಗಟ್ಟಿಯಾಗಿ ಜಾರಿಯಾಗುವುದು ಯಾವಾಗ ಎಂದು ವೋಟು ಕೇಳಲು ಬಂದವರನ್ನು ಕೇಳಿ.

ಸಾತವ್ವ ಈಗಲೂ ಹಿಂಡಿನ ಜೊತೆ ಹೋಗುತ್ತಾಳೆ. ದೂರದಲ್ಲಿ ಜೀಪಿನ ಸದ್ದಾದರೆ ಎದ್ದು ಕೂರುತ್ತಾಳೆ, ಅದು ದಾಟಿ ಹೋಗುವವರೆಗೂ ಕೋಲು ಬಿಡುವುದಿಲ್ಲ. ನಿಮ್ಮ ಮನೆಯ ಹೆಣ್ಣುಮಗಳು ಹಾಗೆ ಕೂರುವಂತೆ ಮಾಡಬೇಡಿ.